ಪ್ರತಿ: ಬ್ರಾಡ್‌ಕಾಸ್ಟ್ ಮೆಸೇಜ್ ಅರ್ಧ ಓದುಗರಿಗೆ ಹೋಗುತ್ತಿಲ್ಲ

ಹೊಸ ಪುಸ್ತಕಗಳ ಪಟ್ಟಿಯನ್ನು ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ (ಒಂದೇ ಮೆಸೇಜ್ ಹಲವರಿಗೆ ಬೇರೆಬೇರೆಯಾಗಿ ಹೋಗುವ ವ್ಯವಸ್ಥೆ) ಕಳಿಸಿದರೂ ಅರ್ಧ ಓದುಗರಿಗೆ ಬರುತ್ತಿಲ್ಲ ಅಂದಿರಲ್ಲ, ಬಹುಶಃ ಅವರ ಫೋನಿನಲ್ಲಿ ಗ್ರಂಥಾಲಯದ ನಂಬರ್ ಸೇವ್ ಆಗಿಲ್ಲ. ನೀವು ಅವರದನ್ನು ಸೇವ್ ಮಾಡಿಕೊಂಡರೆ ಸಾಲದು, ಅವರೂ ನಿಮ್ಮದನ್ನು ಮಾಡಿಕೊಂಡಿರಬೇಕು. ನಮ್ಮಲ್ಲೂ ಇದೇ ಆಗಿತ್ತು. ಸುಮ್ನೆ ನೆಟ್‌ವರ್ಕನ್ನು ಬೈದುಕೊಂಡು ಕೂತಿದ್ದೆವು.

ಮೊದಲು, ನೀವು ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ‘ಇನ್ಫೋ’ ನೋಡಿ. ಯಾರಿಗೆ ತಲುಪಿದೆ ಅನ್ನುವುದು ಅಲ್ಲಿರುತ್ತದೆ. ಉಳಿದವರು ಪುಸ್ತಕ ಪಡೆಯಲು ಬಂದಾಗ ಕೌಂಟರಿನಲ್ಲೇ ನಂಬರ್ ಸೇವ್ ಮಾಡಿಸಿ, ಒಂದು ಮೆಸೇಜ್ ಕಳಿಸಿ ನೋಡಿ. ಆಗಲೂ ಹೋಗದಿದ್ದರೆ ಅವರ ನಂಬರ್ ಬದಲಾಗಿರಬಹುದು, ಬ್ಲಾಕ್ ಮಾಡಿರಲೂಬಹುದು.

ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರೇ ಮಿತಿ. ಓದುಗರು ಅದಕ್ಕಿಂತ ಜಾಸ್ತಿ ಇದ್ದರೆ ವಾಟ್ಸಾಪ್ ಚಾನೆಲ್ (ಬೇಕಾದವರು ಫಾಲೋ ಮಾಡಿ ಓದುವ ಪುಟ) ತೆರೆದು, ಅದರ ಕ್ಯೂಆರ್ ಕೋಡ್ ಬಾಗಿಲಿಗೆ ಅಂಟಿಸಿ. ಗ್ರೂಪ್ ಮಾತ್ರ ಬೇಡ, ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ.