ಪ್ರಾರ್ಥನೆಗೆ ‘ಬರಲ್ಲ’ ಎನ್ನುವ ಮಗಳು

ಸಹೋದರಿ, ಕುಟುಂಬ ಪ್ರಾರ್ಥನೆಗೆ ಕರೆದರೆ ಐದು ವರ್ಷದ ಮಗಳು ‘ಬರಲ್ಲ’ ಎಂದು ಹಟ ಹಿಡಿಯುತ್ತಾಳೆ, ಗದರಿಸಿ ಕೂರಿಸಬೇಕಾ ಎಂದು ಕೇಳಿದ್ದೀರಿ. ಬೇಡ. ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬೇಡಿ ಎಂದು ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲ ಹೇಳುವುದು ತಂದೆಯರಿಗೆ. ಅಮ್ಮಂದಿರಿಗೂ ಅದು ಸಲ್ಲುತ್ತದೆ ಅಂತ ನನ್ನ ಅನಿಸಿಕೆ.

ಅವಳಿಗೆ ಬೈಬಲಿನ ಪ್ರವಾದಿ ಯೋನನ ಕಥೆ ಹೇಳಿ. ದೇವರು ನಿನೆವೆ ಪಟ್ಟಣಕ್ಕೆ ಹೋಗು ಅಂದರೆ ತಪ್ಪಿಸಿಕೊಂಡು ತಾರ್ಷೀಷಿನ ಹಡಗು ಹತ್ತಿದವನು! ಆಮೇಲೆ ಸಮುದ್ರದಲ್ಲಿ ದೊಡ್ಡ ಮೀನೊಂದು ಅವನನ್ನು ನುಂಗಿತು. ಮೀನಿನ ಹೊಟ್ಟೆಯೊಳಗೆ ಎಂಥಾ ವಾಸನೆ ಇತ್ತೋ ಅಂತ ಅವಳನ್ನೇ ಕೇಳಿ, ಇಬ್ಬರೂ ಮೂಗು ಮುಚ್ಚಿಕೊಂಡು ನಗಿ. ಕೊನೆಯ ಅಧ್ಯಾಯದಲ್ಲಿ ಯೋನ ಮುನಿಸಿಕೊಂಡು ಕೂತಾಗಲೂ ದೇವರು ಅವನನ್ನು ಕೈಬಿಡುವುದಿಲ್ಲ, ಪ್ರಶ್ನೆ ಕೇಳಿ ಕೇಳಿ ಮಾತಾಡಿಸುತ್ತಾನೆ. ಹಟಮಾರಿ ಮಗುವಿನ ಜೊತೆ ಹೇಗಿರಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಆದರೆ ನೆಂಟರ ಮುಂದೆ ಅವಳ ಹಟವನ್ನೇ ತಮಾಷೆ ಮಾಡಬೇಡಿ, ಮಕ್ಕಳಿಗೆ ಅದು ಬಹಳ ಚುಚ್ಚುತ್ತದೆ.

ಪ್ರಾರ್ಥನೆ ದಿನಾ ಇದ್ದೇ ಇರುತ್ತದೆ, ಅದರಲ್ಲಿ ರಾಜಿ ಬೇಡ. ಯಾವ ಹಾಡು, ಯಾರಿಗಾಗಿ ಬೇಡಿಕೊಳ್ಳೋಣ, ‘ಆಮೆನ್’ ಜೋರಾಗಿ ಹೇಳುವವರು ಯಾರು, ಇವನ್ನೆಲ್ಲ ಅವಳೇ ಆರಿಸಲಿ. ಚಿಕ್ಕದಾಗಿ ಮುಗಿಸಿ. ಕಣ್ಣು ಬಿಟ್ಟುಕೊಂಡೇ ಕೂತರೂ ಸುಮ್ಮನಿರಿ.