ಗುಂಡಿ ಒತ್ತಿದ ಮೇಲೆ ಕೆಲಸ ಮಾಡಿದ್ದು ಯಾರು?

ಮಾನ್ಯರೇ,

8051 ಎಂಬ ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನಲ್ಲಿರುವ ಪುಟ್ಟ ಕಂಪ್ಯೂಟರ್) ಬಳಸಿ ಸ್ಟಾಪ್‌ವಾಚ್ ಕಟ್ಟುವ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಓದಿದೆ. ಮೂರು ಗುಂಡಿ, ನಾಲ್ಕು ಅಂಕಿಯ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ, ಕೊನೆಯಲ್ಲಿ ಇಡೀ ಪ್ರೋಗ್ರಾಂ. ಸರ್ಕ್ಯೂಟ್ ಚಿತ್ರ ಸ್ಪಷ್ಟವಾಗಿದೆ. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದಾಗ ಟೈಮರ್‌ಗೆ 55536 ತುಂಬಿದರೆ 10 ಮಿಲಿಸೆಕೆಂಡಿಗೆ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ಬೇರೊಂದು ಸಣ್ಣ ರೂಟೀನ್ ಓಡಿಸುವ ಸಂಕೇತ) ಬರುತ್ತದೆ ಎಂಬ ಲೆಕ್ಕವನ್ನು ಬಿಡಿಸಿ ತೋರಿಸಿದ್ದೀರಿ, ಸಂತೋಷ. ಹೊಗಳಿಕೆ ಇಷ್ಟಕ್ಕೆ ಸಾಕು. ನನ್ನ ತಕರಾರು ಇರುವುದು ‘ಗುಂಡಿಗಳ ಕಾರ್ಯವಿಧಾನ’ ಎಂಬ ಅರ್ಧ ಪುಟದ ಬಗ್ಗೆ. ಅಲ್ಲಿ ಎಲ್ಲ ಕೆಲಸಗಳೂ ಆಗುತ್ತವೆ, ಮಾಡುವವರು ಒಬ್ಬರೂ ಕಾಣುವುದಿಲ್ಲ.

ಮೊದಲ ವಾಕ್ಯ ನೋಡಿ: “ಸ್ಟಾರ್ಟ್ ಗುಂಡಿಯನ್ನು ಒತ್ತಿದಾಗ ಇನ್‌ಪುಟ್ ಸ್ವೀಕರಿಸಲ್ಪಟ್ಟು ಟೈಮರ್ ಪ್ರಾರಂಭಿಸಲಾಗುತ್ತದೆ.” ಸ್ವೀಕರಿಸಿದ್ದು ಯಾರು? ಗುಂಡಿಯನ್ನು ಬಾಹ್ಯ ಇಂಟರಪ್ಟ್ ಪಿನ್ನಿಗೆ ಜೋಡಿಸಿದ್ದೀರಾ, ಅಥವಾ ಮುಖ್ಯ ಲೂಪ್ ಸುತ್ತಿ ಬಂದಾಗಲೆಲ್ಲ ಪಿನ್ ನೋಡುತ್ತದೆಯೇ? ನಿಮ್ಮ ಪ್ರೋಗ್ರಾಂ ಬಗೆದು ನೋಡಿದ ಮೇಲೆ ಎರಡನೆಯದು ಎಂದು ಗೊತ್ತಾಯಿತು. ಹಾಗಿದ್ದರೆ ಲೂಪ್ ಒಂದು ಸುತ್ತು ಬರಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟರವರೆಗೆ ಬೆರಳಿನ ಮಾತು ಕೇಳದೆ ಉಳಿಯಬಹುದು. ಇನ್ನು, ಟೈಮರ್ ಪ್ರಾರಂಭವಾಗುವುದೂ ಇಲ್ಲ! ಅದು ಪವರ್ ಕೊಟ್ಟಾಗಿನಿಂದ ಓಡುತ್ತಲೇ ಇದೆ. ಗುಂಡಿ ಒತ್ತಿದಾಗ ಪ್ರೋಗ್ರಾಂ ಒಂದು ಫ್ಲ್ಯಾಗ್, ಅಂದರೆ ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಹೇಳುವ ಗುರುತು, ಏರಿಸುತ್ತದೆ. ಫ್ಲ್ಯಾಗ್ ಏರಿದ್ದರೆ ಮಾತ್ರ ಇಂಟರಪ್ಟ್ ರೂಟೀನ್ ಎಣಿಕೆಗೆ ಒಂದು ಕೂಡಿಸುತ್ತದೆ. ಆದ್ದರಿಂದ ಮೊದಲ ಎಣಿಕೆ ಫ್ಲ್ಯಾಗ್ ಏರಿದ ಮರುಕ್ಷಣವೇ ಬೀಳಬಹುದು, ಸುಮಾರು 10 ಮಿಲಿಸೆಕೆಂಡ್ ಕಳೆದ ಮೇಲೂ ಬೀಳಬಹುದು. ಓದುಗರಿಗೆ ಹೇಳಬೇಕಾದ ಕಥೆಯೇ ಇದು. ಅದನ್ನು ನೀವು ಒಂದು ‘ಲಾಗುತ್ತದೆ’ಯ ಕೆಳಗೆ ಹೂತುಬಿಟ್ಟಿದ್ದೀರಿ.

ಎರಡನೆಯ ವಾಕ್ಯ: “ಬೌನ್ಸ್ ಸಮಸ್ಯೆಯನ್ನು 20 ಮಿಲಿಸೆಕೆಂಡ್ ವಿಳಂಬ ನೀಡುವ ಮೂಲಕ ನಿವಾರಿಸಲಾಗಿದೆ.” ಯಾವ ಸಮಸ್ಯೆ? ಹೊಸಬರಿಗೆ ಅದು ಕಣ್ಣಿಗೆ ಕಟ್ಟಬೇಕು. ಸ್ವಿಚ್ಚಿನ ಲೋಹದ ತುದಿಗಳು ಒಂದನ್ನೊಂದು ಮುಟ್ಟಿ ಸುಮ್ಮನಾಗುವುದಿಲ್ಲ, ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತವೆ. ನಿಮ್ಮಲ್ಲಿ ಸ್ಟಾರ್ಟ್, ಸ್ಟಾಪ್ ಎರಡಕ್ಕೂ ಒಂದೇ ಗುಂಡಿ. ಒಮ್ಮೆ ಒತ್ತಿದ್ದು ಪ್ರೋಗ್ರಾಂಗೆ ನಾಲ್ಕು ಸಲ ಒತ್ತಿದಂತೆ ಕಂಡರೆ ಅದು ಓಡಿ, ನಿಂತು, ಮತ್ತೆ ಓಡಿ, ಮತ್ತೆ ನಿಲ್ಲುತ್ತದೆ. ಬೆರಳು ಇನ್ನೂ ಗುಂಡಿಯ ಮೇಲೇ ಇದೆ, ಡಿಸ್‌ಪ್ಲೇ ಮಾತ್ರ 00.00 ತೋರಿಸುತ್ತಾ ಕುಳಿತಿದೆ. ಇಷ್ಟನ್ನು ಬರೆದಿದ್ದರೆ ಆ 20 ಮಿಲಿಸೆಕೆಂಡಿಗೆ ಬೆಲೆ ಬರುತ್ತಿತ್ತು.

ಆ ವಿಳಂಬದ ಲೆಕ್ಕವಾದರೂ ಏನು? ಸ್ಟಾರ್ಟ್‌ಗೂ ಸ್ಟಾಪ್‌ಗೂ ಒಂದೇ ವಿಳಂಬವಿದ್ದರೆ ಅವು ಪರಸ್ಪರ ವಜಾ ಆಗುತ್ತವೆ, ಅಳತೆ ಕೆಡುವುದಿಲ್ಲ. ಆದರೆ ಓಟ ನಿಲ್ಲಿಸದೆ ನಡುವಿನ ಸಮಯ ಹಿಡಿದಿಡುವ ಲ್ಯಾಪ್ ಗುಂಡಿಗೆ ನೀವು ವಿಳಂಬವನ್ನೇ ಕೊಟ್ಟಿಲ್ಲ; ಎಣಿಕೆ ತಡವಾಗಿ ಶುರುವಾಗುತ್ತದೆ, ಲ್ಯಾಪ್ ತಡವಿಲ್ಲದೆ ಹಿಡಿಯುತ್ತದೆ. ಹೀಗಾಗಿ ನಿಮ್ಮ ಗಡಿಯಾರದ ಲ್ಯಾಪ್ ಸಮಯಗಳೆಲ್ಲ 20 ಮಿಲಿಸೆಕೆಂಡ್ ಕಡಿಮೆ. ವಿಳಂಬ ಮಾಡುವುದು ಯಾರು, ಯಾವಾಗ ಎಂದು ಬರೆಯಲು ಕುಳಿತಿದ್ದರೆ ಇದು ನಿಮಗೇ ಹೊಳೆಯುತ್ತಿತ್ತು.

ನಾನು ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಎದುರಿನ ಮೇಜಿನಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಅವರಿಗೆ ಎಲೆಕ್ಟ್ರಾನಿಕ್ಸ್ ಗಂಧಗಾಳಿ ಇರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ವಿಜ್ಞಾನದ ಲೇಖನ ಬಂದರೆ ಕೆಂಪು ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ ಎಳೆಯುತ್ತಿದ್ದರು. ‘ಲಾಗಿದೆ’, ‘ಲ್ಪಟ್ಟಿದೆ’ ಕಂಡಲ್ಲೆಲ್ಲ ಅಂಚಿನಲ್ಲಿ ‘ಯಾರು?’ ಎಂದು ಬರೆದು ಲೇಖಕರಿಗೆ ವಾಪಸು ಕಳುಹಿಸುತ್ತಿದ್ದರು. ಇಂಜಿನಿಯರುಗಳು ಸಿಡಿಮಿಡಿಗೊಂಡು ಕಚೇರಿಗೇ ಬಂದದ್ದುಂಟು. ಬಂದವರನ್ನು ಕೂರಿಸಿ, “ನನಗೆ ತಿಳಿಯುವುದಿಲ್ಲ, ನೀವೇ ಹೇಳಿ, ಮಾಡಿದ್ದು ಯಾರು?” ಎನ್ನುತ್ತಿದ್ದರು. ಉತ್ತರ ಹೇಳುತ್ತಾ ಹೇಳುತ್ತಾ ಅವರಲ್ಲಿ ಕೆಲವರು ಅರ್ಧಕ್ಕೆ ನಿಂತು, ಜೇಬಿನಿಂದ ಪೆನ್ನು ತೆಗೆದು ತಮ್ಮ ಚಿತ್ರವನ್ನೇ ತಿದ್ದಿಕೊಂಡು ಹೋಗುವುದನ್ನು ನಾನು ನೋಡಿದ್ದೇನೆ. ಆ ಪೆನ್ಸಿಲ್ಲಿನ ರೋಗ ನನಗೂ ಅಂಟಿದೆ, ಸಹಿಸಿಕೊಳ್ಳಿ.

ಮೂರನೆಯದು: “ಗುಂಡಿಯನ್ನು ಬಿಡುವವರೆಗೆ ಕಾಯಲಾಗುತ್ತದೆ.” ಯಾರು ಕಾಯುವುದು? ಇಡೀ ಮುಖ್ಯ ಪ್ರೋಗ್ರಾಂ. ನಾಲ್ಕು ಅಂಕಿಗಳನ್ನು ಸರದಿಯಲ್ಲಿ ಬೆಳಗಿಸುವ ಕೆಲಸವೂ ಅದರದ್ದೇ. ಆದ್ದರಿಂದ ಗುಂಡಿಯನ್ನು ಒತ್ತಿ ಹಿಡಿದರೆ ಮೂರು ಅಂಕಿಗಳು ಆರಿ, ಒಂದು ಮಾತ್ರ ಪ್ರಖರವಾಗಿ ಉರಿಯುತ್ತದೆ. ಒಳಗೆ ಇಂಟರಪ್ಟ್ ತನ್ನ ಪಾಡಿಗೆ ಎಣಿಸುತ್ತಲೇ ಇರುತ್ತದೆ. ನಿಮ್ಮ ಲೇಖನ ನಂಬಿ ಕಟ್ಟಿದವರು ಬೆಸುಗೆ ಕೆಟ್ಟಿತೆಂದು ಬೋರ್ಡನ್ನೇ ತಿರುವಿ ಹಾಕುತ್ತಾರೆ.

ನಾಲ್ಕನೆಯದು ನನ್ನನ್ನು ಹೆಚ್ಚು ಕಾಡಿತು: “ಲ್ಯಾಪ್ ಒತ್ತಿದಾಗ ಸಮಯವನ್ನು ಸಂಗ್ರಹಿಸಲಾಗುತ್ತದೆ.” ಎಣಿಕೆ ಎರಡು ಬೈಟ್‌ಗಳಲ್ಲಿದೆ (ಕೆಳಗಿನದು 0ಯಿಂದ 255ರವರೆಗೆ, ಮೇಲಿನದರ ಒಂದೊಂದಕ್ಕೂ 256ರ ಬೆಲೆ); 8051 ಒಂದು ಸಲಕ್ಕೆ ಓದುವುದು ಒಂದನ್ನು. ಎಣಿಕೆ 255 ಇದ್ದಾಗ ಪ್ರೋಗ್ರಾಂ ಕೆಳಗಿನ ಬೈಟ್ ಓದಿತು ಎನ್ನಿ, ಸಿಕ್ಕಿದ್ದು 255. ಅಷ್ಟರಲ್ಲಿ ಇಂಟರಪ್ಟ್ ನುಗ್ಗಿ ಎಣಿಕೆಯನ್ನು 256 ಮಾಡಿತು. ಹಿಂತಿರುಗಿದ ಪ್ರೋಗ್ರಾಂ ಮೇಲಿನ ಬೈಟ್ ಓದಿದರೆ ಸಿಗುವುದು 1. ಎರಡನ್ನೂ ಕೂಡಿಸಿದರೆ 256 + 255, ಅಂದರೆ 511. 2.55 ಸೆಕೆಂಡಿನ ಲ್ಯಾಪ್ 5.11 ಆಯಿತು! ಅಪರೂಪಕ್ಕೆ ಆಗುವಂಥದ್ದು, ಆದ್ದರಿಂದಲೇ ಪತ್ತೆಯಾಗದೆ ಉಳಿಯುವಂಥದ್ದು. ಓದುವ ಆ ಕ್ಷಣಕ್ಕೆ ಇಂಟರಪ್ಟ್ ತಡೆದು, ನಕಲು ಮಾಡಿಕೊಂಡು, ಮತ್ತೆ ಬಿಟ್ಟರೆ ಮುಗಿಯಿತು. ಒಂದೇ ಸಂಖ್ಯೆಗೆ ಇಬ್ಬರು ಕೈ ಹಾಕುತ್ತಿದ್ದಾರೆ, ನಿಮ್ಮ ವಾಕ್ಯದಲ್ಲಿ ಒಬ್ಬರೂ ಇಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: “ಇಂಟರಪ್ಟ್ ರೂಟೀನ್ 10 ಮಿಲಿಸೆಕೆಂಡಿಗೊಮ್ಮೆ ಮೂರೂ ಗುಂಡಿಗಳನ್ನು ನೋಡುತ್ತದೆ. ಬಿಟ್ಟಿದ್ದ ಗುಂಡಿ ಸತತವಾಗಿ ಮೂರು ಸಲ ಒತ್ತಿದಂತೆ ಕಂಡರೆ ಮಾತ್ರ ಅದನ್ನು ಒಂದು ಒತ್ತು ಎಂದು ಗುರುತು ಹಾಕುತ್ತದೆ. ಆ ಗುರುತನ್ನು ನೋಡಿ ಮುಖ್ಯ ಲೂಪ್ ಕೆಲಸ ಮಾಡುತ್ತದೆ, ಗುರುತನ್ನು ಅಳಿಸುತ್ತದೆ, ಯಾರಿಗೂ ಕಾಯುವುದಿಲ್ಲ.” ನಿಮ್ಮ ಮಾತಿನಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿ.

ರೀಸೆಟ್ ಬಗ್ಗೆ ಲೇಖನದಲ್ಲಿ ಏನೂ ಇಲ್ಲ. ಗಡಿಯಾರ ಓಡುತ್ತಿರುವಾಗಲೇ ರೀಸೆಟ್ ಒತ್ತಿದರೆ ನಿಮ್ಮ ಪ್ರೋಗ್ರಾಂ ಎಣಿಕೆಯನ್ನು ಸೊನ್ನೆ ಮಾಡಿ ಓಟ ಮುಂದುವರಿಸುತ್ತದೆ. ಓಡುವಾಗ ರೀಸೆಟ್ಟಿಗೆ ಕಿವಿಗೊಡದಂತೆಯೂ ಮಾಡಬಹುದಿತ್ತು. ಎರಡರಲ್ಲಿ ಇದನ್ನೇ ಏಕೆ ಆರಿಸಿಕೊಂಡಿರಿ ಎಂದು ಬರೆಯಿರಿ. ಅರ್ಧ ಪುಟ ಎರಡು ಪುಟವಾದರೂ ಚಿಂತೆಯಿಲ್ಲ. ಪೀಠಿಕೆಯಲ್ಲಿರುವ ಮೈಕ್ರೋಕಂಟ್ರೋಲರ್‌ಗಳ ಇತಿಹಾಸವನ್ನು ಕಿತ್ತುಹಾಕಿದರೆ ಜಾಗ ಸಿಗುತ್ತದೆ.