ಸತ್ಯವೇದದ ಅಮಾವಾಸ್ಯೆ ಯಾವ ಸಂಜೆಗೆ ಬರುತ್ತದೆ?

ಕೆಲವು ತಿಂಗಳುಗಳಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅಮಾವಾಸ್ಯೆಯ ವಿಷಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಹಳೆಯ ಒಡಂಬಡಿಕೆಯನ್ನು ಬಹುಕಾಲ ಪಾಠ ಹೇಳಿದ ನನಗೆ ಈ ಪತ್ರಗಳು ನೋವನ್ನೂ ಬೇಸರವನ್ನೂ ತಂದಿವೆ. ಕೇಳುವವರ ಮೇಲೆ ನನಗೆ ಬೇಸರವಿಲ್ಲ; ಅವರ ಮನಸ್ಸಿನಲ್ಲಿ ಇಂಥ ಭಯವನ್ನು ಬಿತ್ತಿದವರ ಮೇಲಿದೆ. ಸತ್ಯವೇದವನ್ನು ತೆರೆದಿಟ್ಟುಕೊಂಡು ಓದುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಬ್ಬತ್ತು ಎಂದರೇನು, ಪಸ್ಕ ಎಂದರೇನು ಎಂಬಲ್ಲಿಂದ ನಾನು ಆರಂಭಿಸುವುದಿಲ್ಲ.

ಪ್ರಶ್ನೆ: ಪ್ರತಿ ಅಮಾವಾಸ್ಯೆಯಲ್ಲಿಯೂ ಎಲ್ಲ ನರರು ದೇವರ ಸನ್ನಿಧಿಗೆ ಬಂದು ಆರಾಧಿಸುವರು ಎಂದು ಯೆಶಾಯ 66:23ರಲ್ಲಿದೆ. ಇದನ್ನು ಆಧಾರವಾಗಿಟ್ಟುಕೊಂಡು ನಮ್ಮ ಸಭೆಯಲ್ಲಿ ಅಮಾವಾಸ್ಯೆಯ ರಾತ್ರಿಯಿಡೀ ಆರಾಧನೆ ನಡೆಸುತ್ತಾರೆ, ಬಾರದವರನ್ನು ಅವಿಧೇಯರು ಎನ್ನುತ್ತಾರೆ. ನಾವು ಹೋಗಲೇಬೇಕೇ, ಅಯ್ಯನವರೇ?

ಹೋಗಲೇಬೇಕೆಂಬ ಆಜ್ಞೆ ಆ ವಚನದಲ್ಲಿ ಇಲ್ಲ. ಅದಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆ. ನಿಮ್ಮ ಸಭೆಯವರು ಸೇರುವ ಆ ಕತ್ತಲೆಯ ರಾತ್ರಿ, ಹಳೆಯ ಇಸ್ರಾಯೇಲಿನ ಲೆಕ್ಕದಲ್ಲಿ ಹಬ್ಬದ ರಾತ್ರಿಯೇ ಅಲ್ಲ; ಮುಗಿಯುತ್ತಿರುವ ತಿಂಗಳಿನ ಕೊನೆಯ ರಾತ್ರಿ.

ಗೊಂದಲ ಹುಟ್ಟಿರುವುದು ಪದದಿಂದ. ಹೀಬ್ರೂ ಭಾಷೆಯಲ್ಲಿ ಈ ದಿನಕ್ಕೆ ಇರುವ ಹೆಸರು 'ಖೋದೆಶ್'. ಹೊಸದು ಎಂಬ ಅರ್ಥದ ಧಾತುವಿನಿಂದ ಬಂದ ಆ ಪದಕ್ಕೆ ಹೊಸ ಚಂದ್ರ, ಮಾಸ ಎಂಬ ಎರಡು ಅರ್ಥಗಳೂ ಉಂಟು. ನಮ್ಮ 'ತಿಂಗಳು' ಎಂಬ ಪದವೂ ಹಾಗೆಯೇ ಅಲ್ಲವೇ? ಹಳಗನ್ನಡದಲ್ಲಿ ತಿಂಗಳೆಂದರೆ ಚಂದ್ರ. ಬೆಳದಿಂಗಳಿನಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಆದರೆ ನಮ್ಮ ಸತ್ಯವೇದದ ಅನುವಾದದಲ್ಲಿ ಹಬ್ಬದ ಹೆಸರಾಗಿ ಬಂದಿರುವುದು 'ಅಮಾವಾಸ್ಯೆ'. ಸಂಸ್ಕೃತದಲ್ಲಿ 'ಅಮಾ' ಎಂದರೆ ಜೊತೆಯಲ್ಲಿ; ಸೂರ್ಯಚಂದ್ರರು ಒಟ್ಟಿಗೆ ವಾಸಿಸುವ, ಚಂದ್ರ ಕಣ್ಣಿಗೆ ಬೀಳದ ದಿನ ಅದು. ಖೋದೆಶ್ ಚಂದ್ರ ಕಣ್ಣಿಗೆ ಬಿದ್ದ ದಿನ. ಅನುವಾದಕರನ್ನು ನಾನು ದೂಷಿಸುವುದಿಲ್ಲ, ಏಕೆಂದರೆ ಮಾಸದ ತಿರುವನ್ನು ಸೂಚಿಸಲು ಜನರ ಬಾಯಲ್ಲಿದ್ದ ಪದ ಅದೊಂದೇ. ಆದರೆ ಅದನ್ನು ಓದಿಸಿ ವಿವರಿಸುವ ಬೋಧಕನು ಈ ವ್ಯತ್ಯಾಸವನ್ನು ಹೇಳದೆ ಹೋದರೆ, ನಮ್ಮ ನೆಲದಲ್ಲಿ ಅಮಾವಾಸ್ಯೆಗೆ ಅಂಟಿಕೊಂಡಿರುವ ಮಾಟ, ಗಾಳಿ, ದೃಷ್ಟಿಗಳ ಭಯವೆಲ್ಲ ಸದ್ದಿಲ್ಲದೆ ಸತ್ಯವೇದದೊಳಕ್ಕೆ ಬಂದು ಕೂರುತ್ತದೆ. ಈಗ ಆಗಿರುವುದು ಅದೇ.

ಎಳೆಯ ಚಂದ್ರ ಹೇಗಿರುತ್ತದೆಂದು ನೋಡದವರು ಒಮ್ಮೆ ಕಣ್ಣಾರೆ ನೋಡಬೇಕು. 2025ರ ಯುಗಾದಿಯ ಸಂಜೆ ನಾನು ಮನೆಯ ಮಾಳಿಗೆಯ ಮೇಲೆ ನಿಂತಿದ್ದೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ಪಡುವಣದ ಕೆಂಪು ತಿಳಿಯಾಗುತ್ತಿದ್ದಂತೆ, ಅದರ ಮೇಲ್ಭಾಗದಲ್ಲಿ ಕತ್ತರಿಸಿ ಬಿಟ್ಟ ಉಗುರಿನಷ್ಟು ತೆಳ್ಳಗಿನ ಗೆರೆಯೊಂದು, ಎರಡು ತುದಿಗಳನ್ನೂ ಮೇಲಕ್ಕೆ ಮಾಡಿಕೊಂಡು ಕಾಣಿಸಿತು. ಪಕ್ಕದ ಮಾಳಿಗೆಗಳಲ್ಲಿಯೂ ಚಂದ್ರದರ್ಶನಕ್ಕಾಗಿ ಜನ ನಿಂತಿದ್ದರು. ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತಿದ್ದರು, ಕಂಡ ಮೇಲೆ ಹಿರಿಯರ ಕಾಲಿಗೆ ಎರಗುತ್ತಿದ್ದರು. ಹೊತ್ತು ಹೆಚ್ಚು ಸಿಗುವುದಿಲ್ಲ, ಸೂರ್ಯನ ಬೆನ್ನಿಗೇ ಅದೂ ಮುಳುಗಿಬಿಡುತ್ತದೆ. ಯೆಹೂದ್ಯರ ಈಗಿನ ಪಂಚಾಂಗದ ನಿಸಾನ್ ತಿಂಗಳಿನ ಮೊದಲ ದಿನವೂ ನಮ್ಮ ಚಾಂದ್ರಮಾನ ಯುಗಾದಿಯೂ ಆ ವರ್ಷ ಒಂದೇ ದಿನ, ಮಾರ್ಚ್ 30ರಂದು ಬಂದಿದ್ದವು. 2024ರ ಏಪ್ರಿಲ್ 9, 2026ರ ಮಾರ್ಚ್ 19ರಲ್ಲಿಯೂ ಹೀಗೆಯೇ. ಎರಡೂ ಚಂದ್ರನಿಂದ ತಿಂಗಳನ್ನೂ ಸೂರ್ಯನಿಂದ ವರ್ಷವನ್ನೂ ಎಣಿಸುವ ಪಂಚಾಂಗಗಳಾದ್ದರಿಂದ ಇಂಥ ಹೊಂದಿಕೆ ಸಹಜ. ಒಂದರಿಂದ ಇನ್ನೊಂದು ಹುಟ್ಟಿತೆಂದು ಇದರಿಂದ ಕಥೆ ಕಟ್ಟುವವರ ಮಾತಿಗೆ ಕಿವಿಗೊಡಬೇಡಿ.

ತಿಂಗಳನ್ನು ಆರಂಭಿಸುವ ವಿಧಾನವನ್ನು ಮೋಶೆಯ ಐದು ಗ್ರಂಥಗಳು ಎಲ್ಲಿಯೂ ವಿವರಿಸುವುದಿಲ್ಲ. ಅದನ್ನು ಬಿಡಿಸಿ ಹೇಳುವುದು ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾ ಎಂಬ ಯೆಹೂದ್ಯರ ಧರ್ಮವಿಧಿಗಳ ಗ್ರಂಥ. ಅದರ ಪ್ರಕಾರ ಎಳೆಯ ಚಂದ್ರನನ್ನು ಕಂಡವರು ಯೆರೂಸಲೇಮಿನ ಒಂದು ದೊಡ್ಡ ಅಂಗಳಕ್ಕೆ ಬಂದು ಸಾಕ್ಷಿ ಹೇಳುತ್ತಿದ್ದರು. ಮತ್ತೆ ಮತ್ತೆ ಬರಲಿ ಎಂದು ಅವರಿಗೆ ಅಲ್ಲಿ ಒಳ್ಳೆಯ ಊಟವನ್ನೂ ಬಡಿಸುತ್ತಿದ್ದರು. ಚಂದ್ರ ಸೂರ್ಯನ ಉತ್ತರಕ್ಕಿತ್ತೋ ದಕ್ಷಿಣಕ್ಕೋ, ಎಷ್ಟು ಎತ್ತರದಲ್ಲಿತ್ತು, ಯಾವ ಕಡೆಗೆ ವಾಲಿತ್ತು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಯೆಹೂದ್ಯ ಧರ್ಮಗುರು ರಬ್ಬಾನ್ ಗಮಲಿಯೇಲರಂತೂ ತಮ್ಮ ಮೇಲ್ಮಾಳಿಗೆಯ ಗೋಡೆಯ ಮೇಲೆ ಚಂದ್ರನ ಆಕಾರಗಳನ್ನು ಬರೆಸಿಟ್ಟು, ನೀನು ಕಂಡದ್ದು ಹೀಗಿತ್ತೋ ಹಾಗಿತ್ತೋ ಎಂದು ಸಾಮಾನ್ಯ ಜನರನ್ನು ಪರೀಕ್ಷಿಸುತ್ತಿದ್ದರು. ಸಾಕ್ಷಿ ಸರಿಯೆಂದು ಕಂಡರೆ ನ್ಯಾಯಸಭೆಯ ಮುಖ್ಯಸ್ಥನು 'ಪವಿತ್ರವಾಯಿತು' ಎನ್ನುವನು, ನೆರೆದವರೆಲ್ಲ 'ಪವಿತ್ರವಾಯಿತು, ಪವಿತ್ರವಾಯಿತು' ಎಂದು ದನಿಗೂಡಿಸುವರು. ಆಮೇಲೆ ಎಣ್ಣೆಮರಗಳ ಗುಡ್ಡದಿಂದ ಬೆಟ್ಟದಿಂದ ಬೆಟ್ಟಕ್ಕೆ ಪಂಜುಗಳನ್ನು ಬೀಸಿ ದೂರದೂರಿನವರಿಗೆ ಸುದ್ದಿ ಮುಟ್ಟಿಸುತ್ತಿದ್ದರು. 29ನೆಯ ದಿನ ಮುಗಿದ ಸಂಜೆಯೇ ಚಂದ್ರ ಕಂಡರೆ ಹಿಂದಿನ ತಿಂಗಳಿಗೆ 29 ದಿನ, ಕಾಣದಿದ್ದರೆ 30. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ ಮತ್ತು 44 ನಿಮಿಷ ಹಿಡಿಯುವುದರಿಂದ ಬೇರೆ ದಾರಿಯೂ ಇರಲಿಲ್ಲ. ಮುಂದೆ ಯೆಹೂದ್ಯರು ಲೆಕ್ಕ ಹಾಕಿ ನಿಗದಿ ಮಾಡಿದ ಪಂಚಾಂಗಕ್ಕೆ ಬಂದರು. ನಾಲ್ಕನೆಯ ಶತಮಾನದ ಯೆಹೂದ್ಯ ನಾಯಕ ಎರಡನೆಯ ಹಿಲ್ಲೇಲನ ಕಾಲದಲ್ಲಿ ಇದು ಆಯಿತೆಂಬುದು ಅವರ ಸಂಪ್ರದಾಯ.

ಈ ದಿನದಲ್ಲಿ ಮಾಡುತ್ತಿದ್ದದ್ದೇನು? ಅರಣ್ಯಕಾಂಡದ 28ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಸಬ್ಬತ್ತಿಗೆ ನಿತ್ಯದ ಹೋಮದ ಜೊತೆಗೆ ಎರಡು ಕುರಿಮರಿ. ತಿಂಗಳ ಮೊದಲ ದಿನಕ್ಕೆ ಎರಡು ಹೋರಿ, ಒಂದು ಟಗರು, ಏಳು ಕುರಿಮರಿ, ಅದರ ಮೇಲೆ ದೋಷಪರಿಹಾರಕ್ಕಾಗಿ ಒಂದು ಹೋತ. ಅಂದರೆ ಹುಳಿಯಿಲ್ಲದ ರೊಟ್ಟಿಯ ಹಬ್ಬದ ಒಂದೊಂದು ದಿನಕ್ಕೆ ನೇಮಿಸಿದಷ್ಟೇ ಯಜ್ಞ. ಅದೇ ಗ್ರಂಥದ 10:10ರಲ್ಲಿ ಬೆಳ್ಳಿಯ ತುತೂರಿಗಳನ್ನು ಊದುವ ಅಪ್ಪಣೆಯಿದೆ. ಹೀಗಿದ್ದರೂ ಯಾಜಕಕಾಂಡ 23ರ ಹಬ್ಬಗಳ ಪಟ್ಟಿಯಲ್ಲಿ ಏಳನೆಯ ತಿಂಗಳಿನ ಮೊದಲ ದಿನವೊಂದನ್ನು ಬಿಟ್ಟರೆ ಮಿಕ್ಕ ತಿಂಗಳಾರಂಭಗಳ ಹೆಸರಿಲ್ಲ. ಆ ದಿನಗಳಲ್ಲಿ ಕೆಲಸ ಬಿಡಬೇಕೆಂಬ ವಿಧಿಯೂ ಮೋಶೆಯ ಗ್ರಂಥಗಳಲ್ಲಿ ಇಲ್ಲ. ವಿಧಿಯಿಲ್ಲದಿದ್ದರೂ ಜನರು ಅದನ್ನು ಗೌರವದಿಂದ ಕಾಣುತ್ತಿದ್ದರು. ಆಮೋಸನ ಕಾಲದ ವ್ಯಾಪಾರಿಗಳು, ಈ ದಿನ ಯಾವಾಗ ಮುಗಿದೀತು, ಧಾನ್ಯ ಮಾರುವುದು ಯಾವಾಗ ಎಂದು ಗೊಣಗಿದ್ದರಿಂದಲೇ ಅಂದು ಅಂಗಡಿ ತೆರೆಯುತ್ತಿರಲಿಲ್ಲವೆಂದು ತಿಳಿಯುತ್ತದೆ. ಮಗನನ್ನು ಕಳೆದುಕೊಂಡ ಶೂನೇಮಿನ ತಾಯಿ ಕತ್ತೆಯನ್ನೇರಿ ಎಲೀಷನ ಬಳಿಗೆ ಹೊರಟಾಗ, ಈ ಹೊತ್ತು ಅಮಾವಾಸ್ಯೆಯೂ ಅಲ್ಲ, ಸಬ್ಬತ್ತೂ ಅಲ್ಲ, ಏಕೆ ಹೋಗುತ್ತೀ ಎಂದು ಗಂಡ ಕೇಳುತ್ತಾನೆ. ಪ್ರವಾದಿಯ ಬಳಿಗೆ ದೇವರ ಮಾತು ಕೇಳಲು ಹೋಗುವ ದಿನ ಅದಾಗಿತ್ತೆಂಬುದಕ್ಕೆ ಆ ಒಂದು ಮಾತು ಸಾಕು.

ನನಗೆ ಬಹಳ ಹತ್ತಿರವಾದ ಚಿತ್ರ 1 ಸಮುವೇಲ 20ರ ಅಮಾವಾಸ್ಯೆಯ ಊಟದ್ದು. ಅರಸ ಸೌಲನು ಗೋಡೆಯ ಬದಿಯ ತನ್ನ ಸ್ಥಾನದಲ್ಲಿ ಕೂತಿದ್ದಾನೆ, ಸೇನಾಪತಿ ಅಬ್ನೇರ ಪಕ್ಕದಲ್ಲಿದ್ದಾನೆ, ದಾವೀದನ ಜಾಗ ಬರಿದಾಗಿದೆ. ಅರಸನು ಮೊದಲ ದಿನ ಏನೂ ಹೇಳುವುದಿಲ್ಲ. ಏನೋ ಮೈಲಿಗೆಯಾಗಿರಬೇಕು, ಅದಕ್ಕೇ ಬಂದಿಲ್ಲ ಎಂದುಕೊಳ್ಳುತ್ತಾನೆ. ಆ ಊಟ ಬರಿಯ ಔತಣವಾಗಿರಲಿಲ್ಲ, ಶುದ್ಧರಾಗಿ ಬಂದು ಕೂರಬೇಕಾದ ಪವಿತ್ರ ಭೋಜನವಾಗಿತ್ತು ಎಂಬುದು ಅರಸನ ಆ ಆಲೋಚನೆಯಿಂದಲೇ ಗೊತ್ತಾಗುತ್ತದೆ. ಯಜ್ಞ, ತುತೂರಿ, ಮನೆಯವರೊಂದಿಗೆ ಊಟ, ಪ್ರವಾದಿಯ ಭೇಟಿ, ಅಂಗಡಿಗೆ ಬಿಡುವು: ಇದೇ ಸತ್ಯವೇದದ ತಿಂಗಳಾರಂಭ. ದುರಾತ್ಮಗಳು ಬಲಗೊಳ್ಳುವ ಹೊತ್ತೆಂಬ ಮಾತು ಇಡೀ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಬದಲಿಗೆ ಚಂದ್ರನಿಗೆ ಅಡ್ಡಬೀಳಬಾರದೆಂದು ಧರ್ಮೋಪದೇಶಕಾಂಡ 4:19 ಎಚ್ಚರಿಸುತ್ತದೆ. ರಾತ್ರಿಯ ಚಂದ್ರ ನಿನ್ನನ್ನು ಬಾಧಿಸದು ಎಂದು 121ನೆಯ ಕೀರ್ತನೆ ಧೈರ್ಯ ಹೇಳುತ್ತದೆ.

ಇನ್ನು ಯೆಶಾಯ 66:23ಕ್ಕೆ ಬರುತ್ತೇನೆ. ಪುಸ್ತಕದ ಕಟ್ಟಕಡೆಯ ವಚನಕ್ಕೆ ಹಿಂದಿನದು ಇದು. ನೂತನ ಆಕಾಶ, ನೂತನ ಭೂಮಿಯ ಮಾತು ಬಂದ ಕೂಡಲೇ, ತಿಂಗಳಿನಿಂದ ತಿಂಗಳಿಗೆ, ವಾರದಿಂದ ವಾರಕ್ಕೆ ಎಲ್ಲ ಜನಾಂಗದವರೂ ಬಂದು ದೇವರನ್ನು ಆರಾಧಿಸುವರೆಂಬ ವಾಗ್ದಾನ ಅಲ್ಲಿದೆ. ವಾಗ್ದಾನವನ್ನು ಹಾಜರಿ ಪುಸ್ತಕ ಮಾಡಬಾರದು. ಆ ವಚನವನ್ನು ಅಕ್ಷರಶಃ ವಿಧಿಯೆಂದು ಹಿಡಿಯುವವರು ಮೂರು ವಚನ ಹಿಂದಿರುವ ಯೆರೂಸಲೇಮಿನ ಪರ್ವತವನ್ನೂ ಹಿಡಿಯಬೇಕು, ನಮ್ಮ ಊರಿನ ಬಾಡಿಗೆ ಸಭಾಂಗಣವನ್ನು ಹಿಡಿಯುವಂತಿಲ್ಲ. ಅದೇ ಯೆಶಾಯನು ಮೊದಲನೆಯ ಅಧ್ಯಾಯದಲ್ಲಿ, ನಿಮ್ಮ ಅಮಾವಾಸ್ಯೆಗಳು ನನಗೆ ಹೊರೆ, ನಿಮ್ಮ ಕೈಗಳು ರಕ್ತದಿಂದ ತುಂಬಿವೆ ಎಂಬ ದೇವರ ಮಾತನ್ನು ಸಾರಿದ್ದಾನೆ. ಆ ಹದಿಮೂರರಿಂದ ಹದಿನೈದನೆಯ ವಚನಗಳನ್ನು ನಿಮ್ಮ ಸಭೆಯಲ್ಲಿ ಎಂದಾದರೂ ಓದಿದ್ದಾರೆಯೇ ಎಂದು ವಿಚಾರಿಸಿ.

ಕ್ರಿಸ್ತನ ಸಭೆಗೆ ಇದು ಕಡ್ಡಾಯವಲ್ಲವೆಂಬುದನ್ನು ಕೊಲೊಸ್ಸೆ 2:16-17 ನೇರವಾಗಿ ಹೇಳುತ್ತದೆ: ಹಬ್ಬ, ಅಮಾವಾಸ್ಯೆ, ಸಬ್ಬತ್ತುಗಳ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ, ಅವು ಮುಂದೆ ಬರಬೇಕಾದವುಗಳ ನೆರಳು, ನಿಜಸ್ವರೂಪವು ಕ್ರಿಸ್ತನದು. ಈ ಮಾತು ಎರಡು ಕಡೆಗೂ ಅನ್ವಯಿಸುತ್ತದೆ. ಆಚರಿಸಬೇಕೆಂಬ ಆಸೆ ಯಾರಿಗಾದರೂ ಮನಃಪೂರ್ವಕವಾಗಿ ಇದ್ದರೆ ನಾನು ತಡೆಯುವುದಿಲ್ಲ, ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯ ಅವರಿಗೂ ಜಾಗ ಕೊಟ್ಟಿದೆ. ಅಂಥವರು ಕತ್ತಲೆಯ ರಾತ್ರಿಯನ್ನು ಬಿಟ್ಟು, ಅದರ ಮರುದಿನವೋ ಅದಕ್ಕೂ ಮರುದಿನವೋ ಎಳೆಯ ಚಂದ್ರ ಕಾಣುವ ಸಂಜೆಯನ್ನು ಆರಿಸಿಕೊಳ್ಳಲಿ. ಮೊಬೈಲಿನಲ್ಲಿ ತೋರಿಸುವ ಹೊಸ ಚಂದ್ರನ ಗಳಿಗೆ ಸೂರ್ಯಚಂದ್ರರು ಕೂಡುವ ಗಳಿಗೆಯಾದ್ದರಿಂದ ಅದನ್ನು ನಂಬಿ ಆಕಾಶ ನೋಡಿದರೆ ಏನೂ ಕಾಣದು. ಮನೆಯವರೆಲ್ಲ ಕೂತು ಅರಣ್ಯಕಾಂಡ 28ರ ಆ ಭಾಗವನ್ನೂ 113ರಿಂದ 118ರವರೆಗಿನ ಕೀರ್ತನೆಗಳನ್ನೂ ಓದಲಿ, ಯೆಹೂದ್ಯರು ಸಭಾಮಂದಿರಗಳಲ್ಲಿ ಇಂದಿಗೂ ಆ ಕೀರ್ತನೆಗಳನ್ನು ಕೆಲವು ಭಾಗ ಬಿಟ್ಟು ಹಾಡುತ್ತಾರೆ. ಒಟ್ಟಿಗೆ ಊಟ ಮಾಡಲಿ. ಕಾಣಿಕೆ ಎತ್ತುವುದು ಬೇಡ, ಬಾರದವರ ಹೆಸರು ಬರೆದುಕೊಳ್ಳುವುದಂತೂ ಖಂಡಿತ ಬೇಡ.

ಪ್ರಶ್ನೆ: ಸಬ್ಬತ್ತನ್ನು ಶನಿವಾರದಿಂದ ಎಣಿಸದೆ ಚಂದ್ರ ಕಂಡ ದಿನದಿಂದ 8, 15, 22, 29 ಎಂದು ಎಣಿಸಬೇಕೆಂದು ಒಬ್ಬರು ಕಲಿಸುತ್ತಿದ್ದಾರೆ. ಸರಿಯೇ?

ತಪ್ಪು. 29ನೆಯ ದಿನದ ನಂತರ ಮುಂದಿನ ಎಣಿಕೆ ಆರಂಭವಾಗುವಾಗ ಒಂದೋ ಎರಡೋ ದಿನ ಹೆಚ್ಚಾಗಿ ಉಳಿಯುತ್ತವೆ. ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸು ಎಂಬ ಆಜ್ಞೆ ಅಲ್ಲಿಯೇ ಮುರಿಯುತ್ತದೆ. ವಿಮೋಚನಕಾಂಡ 16ರಲ್ಲಿ ಮನ್ನವನ್ನು ಆರು ದಿನ ಕೂಡಿಸಬೇಕು, ಏಳನೆಯ ದಿನ ಅದು ಸಿಗದು ಎಂದಿರುವಲ್ಲಿ ಚಂದ್ರನ ಪ್ರಸ್ತಾಪವೇ ಇಲ್ಲ.

ಪ್ರಶ್ನೆ: ಅಮಾವಾಸ್ಯೆಯ ದಿನ ಮಗಳ ನಿಶ್ಚಿತಾರ್ಥ ಇಟ್ಟುಕೊಳ್ಳಬಹುದೇ?

ಧಾರಾಳವಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಅಮಾವಾಸ್ಯೆಯಂದು ರಕ್ತಚಂದ್ರ ಕಾಣಿಸಿದರೆ ಅಂತ್ಯಕಾಲದ ಗುರುತೇ?

ರಕ್ತಚಂದ್ರನೆಂದರೆ ಗ್ರಹಣದಲ್ಲಿ ಕೆಂಪಾಗಿ ಕಾಣುವ ಚಂದ್ರ; ಚಂದ್ರಗ್ರಹಣ ಹುಣ್ಣಿಮೆಯಂದು ಮಾತ್ರ ಆಗುತ್ತದೆ. ನಿಮಗೆ ಹೇಳಿದವರು ಆಕಾಶವನ್ನೂ ನೋಡಿಲ್ಲ, ಯೋವೇಲನ ಪ್ರವಾದನೆಯನ್ನೂ ಓದಿಲ್ಲ.

ಪ್ರಶ್ನೆ: ನನ್ನ ಹದಿನಾಲ್ಕು ವರ್ಷದ ಮಗನಿಗೆ ಮೂರ್ಛೆರೋಗವಿದೆ. ಮತ್ತಾಯ 17:15ರ ಮೂಲದಲ್ಲಿ ಚಂದ್ರನ ಹೆಸರಿದೆ, ಆದ್ದರಿಂದ ಇದು ಅಮಾವಾಸ್ಯೆಯ ಆತ್ಮದ ಕೆಲಸ ಎಂದು ಒಬ್ಬ ಬೋಧಕರು ಹೇಳಿದರು. ಮೂರು ಅಮಾವಾಸ್ಯೆ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು, ಅಲ್ಲಿಯವರೆಗೆ ಮಾತ್ರೆ ಕೊಡಬಾರದು ಎಂದಿದ್ದಾರೆ. ಎಣ್ಣೆಗೆ ಹಣವನ್ನೂ ಪಡೆದಿದ್ದಾರೆ. ಎರಡು ಅಮಾವಾಸ್ಯೆ ಮುಗಿದಿವೆ.

ತಾಯಿ, ಮುಂದಿನ ಸಾಲನ್ನು ಓದುವ ಮೊದಲು ಮಗನಿಗೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ. ಮಾತ್ರೆ ನಿಲ್ಲಿಸಿ ಎಷ್ಟು ದಿನವಾಯಿತೆಂದು ಮುಚ್ಚಿಡದೆ ಹೇಳಿ, ಯಾವ ಪ್ರಮಾಣದಿಂದ ಮತ್ತೆ ಆರಂಭಿಸಬೇಕೆಂದು ಕೇಳಿಕೊಳ್ಳಿ. ಈ ಮಾತ್ರೆಗಳನ್ನು ಹಠಾತ್ತಾಗಿ ಬಿಟ್ಟರೆ ಮೂರ್ಛೆ ಒಂದರ ಮೇಲೊಂದರಂತೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ಗ್ರೀಕ್ ಮೂಲದಲ್ಲಿ ಚಂದ್ರನ ಹೆಸರಿರುವ ಪದ ಇರುವುದು ನಿಜ. ಮೂರ್ಛೆ ಚಂದ್ರನ ಏರಿಳಿತದಿಂದ ಬರುತ್ತದೆಂದು ಆ ಕಾಲದ ಲೋಕವೆಲ್ಲ ನಂಬಿದ್ದರಿಂದ ರೋಗಕ್ಕೆ ಬಳಕೆಯಲ್ಲಿದ್ದ ಹೆಸರೇ ಅದು. ಮತ್ತಾಯ 4:24ರಲ್ಲಿ ದೆವ್ವ ಹಿಡಿದವರನ್ನೂ ಈ ರೋಗವಿದ್ದವರನ್ನೂ ಬೇರೆಬೇರೆಯಾಗಿಯೇ ಹೆಸರಿಸಿದೆ. 17ನೆಯ ಅಧ್ಯಾಯದಲ್ಲಿ ಯೇಸು ಆ ಹುಡುಗನನ್ನು ಅದೇ ಗಳಿಗೆಯಲ್ಲಿ ಗುಣಪಡಿಸಿದನು. ಯಾವ ತಿಥಿಗೂ ಕಾಯಲಿಲ್ಲ, ತಂದೆಯಿಂದ ಹಣ ಪಡೆಯಲಿಲ್ಲ. ಮೂಲಭಾಷೆಯ ಒಂದು ಪದವನ್ನು ಅರ್ಧ ಕಲಿತು, ಅದನ್ನು ಹಿಡಿದುಕೊಂಡು ಒಬ್ಬ ತಾಯಿಯ ಕೈಯಿಂದ ಮಗುವಿನ ಔಷಧಿಯನ್ನು ಕಿತ್ತುಕೊಳ್ಳುವವನನ್ನು ನಾನು ಬೋಧಕನೆಂದು ಕರೆಯಲಾರೆ. ಮೂರನೆಯ ಅಮಾವಾಸ್ಯೆಗೆ ಮಗನನ್ನು ಅಲ್ಲಿಗೆ ಕರೆದೊಯ್ಯಬೇಡಿ. ಮಾತ್ರೆ ಕೊಟ್ಟ ಮೇಲೆ ನೀವೇ ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಅದಕ್ಕೆ ಎಣ್ಣೆಯೂ ಬೇಕಿಲ್ಲ, ತಿಥಿಯೂ ಬೇಕಿಲ್ಲ. ವೈದ್ಯರು ಏನೆಂದರೆಂಬುದನ್ನು ಈ ವಾರವೇ ನನಗೆ ಬರೆದು ತಿಳಿಸಿ.